ಓದಿದ್ದೇ ಓದೋ ಕಿಸಬಾಯಿ ದಾಸಿ

"ಏನೇ, ಈ ಸಲವಾದರೂ ಬದುಕಿದಳಾ?"

ಸ್ನಾನ ಮುಗಿಸಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹಜಾರ ದಾಟುವಾಗ ನಮ್ಮ ಯಜಮಾನರು ನನ್ನ ಕಡೆ ಎಸೆದು ಹೋಗುವ ಪ್ರಶ್ನೆ ಇದು. ಮೊದಲ ಸಲ ಕೇಳಿಸಿಕೊಂಡ ನೆಂಟರು ಗಾಬರಿಯಾಗುತ್ತಾರೆ. ಮನೆಯಲ್ಲಿ ಯಾರಿಗೋ ಆಪರೇಷನ್ ಆಗಿರಬೇಕು, ಅದನ್ನು ವಿಚಾರಿಸದೆ ಎರಡು ಲೋಟ ಕಾಫಿ ಕುಡಿದುಬಿಟ್ಟೆವಲ್ಲ ಅಂತ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಆಪರೇಷನ್ನೂ ಇಲ್ಲ, ಆಸ್ಪತ್ರೆಯೂ ಇಲ್ಲ. ನನ್ನ ಕೈಯಲ್ಲಿ ಭೈರಪ್ಪನವರ 'ಗೃಹಭಂಗ' ಇದೆ, ಅಷ್ಟೇ. ವಿಚಾರಣೆ ನಡೆದಿರುವುದು ನಂಜಮ್ಮನ ಕ್ಷೇಮಸಮಾಚಾರದ್ದು. 1970ರಲ್ಲಿ ಪುಸ್ತಕ ಅಚ್ಚಾದಾಗಲೇ ಪ್ಲೇಗಿಗೆ ತುತ್ತಾದವಳು ಆಕೆ. ನಾನು ಎಂಟನೇ ಸಲ ಓದಿದೆ ಅಂತ ಎದ್ದು ಕೂತು ಕಾಫಿ ಕೇಳುತ್ತಾಳೆಯೇ? ಕೇಳುವುದಿಲ್ಲ ಅಂತ ನನಗೂ ಗೊತ್ತು. ಆದರೂ ಊರಲ್ಲಿ ಇಲಿ ಬಿತ್ತು ಅನ್ನುವ ಪುಟಗಳು ಹತ್ತಿರ ಬಂದ ಕೂಡಲೇ "ಎರಡು ದಿನ ಮುಂಚೆ ಹೊರಡಬಾರದಿತ್ತಾ, ತಾಯಿ?" ಅಂತ ಬಾಯಿಬಿಟ್ಟು ಅಂದೇಬಿಡುತ್ತೇನೆ. ಅಂದದ್ದು ಬಚ್ಚಲಿನವರೆಗೂ ಕೇಳಿಸುತ್ತದೆ.

ಅಲ್ಲಿಂದಲೇ ನನಗೆ ಬಿರುದು ಬಂದದ್ದು. "ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತಾರಲ್ಲ, ನೀನು ಓದಿದ್ದೇ ಓದೋ ಕಿಸಬಾಯಿ ದಾಸಿ."

ಇರಲಿ. ಬಿರುದು ಕೊಟ್ಟವರ ಯೋಗ್ಯತೆಯನ್ನೂ ಸ್ವಲ್ಪ ನೋಡೋಣ.

ನಮ್ಮವರು ಹೊಸ ಪುಸ್ತಕದ ಭಕ್ತರು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಊಟಕ್ಕೆ ಬಾಡು ಇರಬೇಕೋ ಬೇಡವೋ ಅಂತ ಊರೆಲ್ಲ ಚರ್ಚೆ ನಡೆದಿತ್ತಲ್ಲ, ಆ ಸಮ್ಮೇಳನಕ್ಕೆ ಇವರೂ ಹೋಗಿದ್ದರು. ಬಾಡೂಟದ ವಿಷಯದಲ್ಲಿ ಇವರದು ಯಾವ ಪಕ್ಷವೂ ಇರಲಿಲ್ಲ. ಪುಸ್ತಕ ಮಳಿಗೆಗಳ ಸಾಲಿನಲ್ಲಿ ಮಾತ್ರ ಎಲ್ಲ ಪಕ್ಷದವರನ್ನೂ ಸಮನಾಗಿ ಕಂಡರು. ಎರಡು ಬಟ್ಟೆ ಚೀಲ ತುಂಬ ಪುಸ್ತಕ ಹೊತ್ತು, ಹೆಗಲು ನೋವು ಅಂತ ನರಳುತ್ತಾ ಬಂದರು. ಒಟ್ಟು 23. ಅವತ್ತು ರಾತ್ರಿ ಒಂದೊಂದನ್ನೂ ತೆಗೆದು ಮುಖಪುಟ ನೋಡಿದರು, ಬೆನ್ನುಡಿ ಓದಿದರು, ಲೇಖಕರ ಫೋಟೋ ನೋಡಿ "ಬಹಳ ಇಳಿದುಹೋಗಿದ್ದಾರೆ ಪಾಪ" ಅಂದರು, ಮೂಗಿಗೆ ಹಿಡಿದು ಮೂಸಿದರು, ಮೊದಲ ಪುಟದಲ್ಲಿ ಹೆಸರು ಬರೆದು ತಾರೀಕು ಹಾಕಿದರು. ಆಮೇಲೆ ಕಪಾಟಿಗೆ ಸೇರಿಸಿದರು. ಸೇರಿದ್ದು ಸೇರಿದ ಹಾಗೇ ಇವೆ. ಪ್ರತಿ ಭಾನುವಾರ ಇವರು ಆ ಕಪಾಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ಬೆನ್ನುಗಳನ್ನು ಓದುತ್ತಾರೆ. ಪುಸ್ತಕದ ಬೆನ್ನು ಓದುವುದನ್ನೂ ಓದು ಅಂತ ಲೆಕ್ಕಕ್ಕೆ ಹಿಡಿದರೆ ನಮ್ಮವರಷ್ಟು ಓದಿಕೊಂಡವರು ಬಡಾವಣೆಯಲ್ಲಿ ಇನ್ನೊಬ್ಬರಿಲ್ಲ.

ಒಮ್ಮೆ ನಾನೂ ಅಂದೆ: "ಹತ್ತನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳಂತೆ. ನೀವು ಸಾವಿರ ಪ್ರತಿ ಕೊಂಡು ಬಚ್ಚಿಡುತ್ತಿದ್ದೀರಿ. ಅವಳನ್ನು ದಾನಚಿಂತಾಮಣಿ ಅಂದರು. ನಿಮ್ಮನ್ನು ಏನು ಅನ್ನೋಣ?"

"ಓದದೆ ಇಟ್ಟ ಪುಸ್ತಕ ಬ್ಯಾಂಕಿನಲ್ಲಿ ಇಟ್ಟ ದುಡ್ಡಿನ ಹಾಗೆ ಕಣೇ. ಬೇಕಾದಾಗ ತೆಗೀಬಹುದು."

"ಬಡ್ಡಿ ಬರ್ತಿದೆಯಾ?"

"ಬೆಳ್ಳಿಮೀನು ಬಂದಿದೆ" ಅಂದರು. ಹೌದು, ಬಂದಿತ್ತು. ನಮ್ಮ ಮನೆಯ ಹೊಸ ಸಾಹಿತ್ಯವನ್ನೆಲ್ಲ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಶ್ರದ್ಧೆಯಿಂದ ತಿಂದು ಅರಗಿಸಿಕೊಂಡದ್ದು ಆ ಹುಳುಗಳೇ.

ನನ್ನದು ಒಂದೇ ಒಂದು ಅರೆ. ಅಡುಗೆಮನೆಯ ಬಾಗಿಲಿಗೆ ತಾಗಿಕೊಂಡ ಹಾಗೆ ಇದೆ, ಉಪ್ಪಿನಕಾಯಿ ಭರಣಿಗಿಂತ ಒಂದು ಗೇಣು ಮೇಲೆ. ಅದರಲ್ಲಿ ಇರುವುದು ಮೂವತ್ತು ಚಿಲ್ಲರೆ ಪುಸ್ತಕ. ತ್ರಿವೇಣಿ, ಎಂ.ಕೆ. ಇಂದಿರಾ, ಕಾರಂತರ 'ಬೆಟ್ಟದ ಜೀವ', ಗೊರೂರರ 'ಹಳ್ಳಿಯ ಚಿತ್ರಗಳು', ತೇಜಸ್ವಿ, ಕುವೆಂಪು, ಮಾಸ್ತಿಯವರ ಕತೆಗಳು, ಇಂಥವೇ. ಒಂದಕ್ಕೂ ಬೆನ್ನು ನೆಟ್ಟಗಿಲ್ಲ. 'ಫಣಿಯಮ್ಮ'ನಿಗೆ ರಟ್ಟು ಬಿಟ್ಟುಹೋಗಿ ಹಳೆ ಸೀರೆಯ ಅಂಚು ಕಟ್ಟಿದ್ದೇನೆ. 'ಹಳ್ಳಿಯ ಚಿತ್ರಗಳು' ಮೇಲೆ ಸಾರು ಚೆಲ್ಲಿದೆ, ಯಾವ ಪುಟದಲ್ಲಿ ಅಂತ ಕಣ್ಣು ಮುಚ್ಚಿ ಮೂಸಿ ಹೇಳಬಲ್ಲೆ. ಇಂಗಿನ ವಾಸನೆ ಬಂತು ಅಂದರೆ ಇನ್ನೆರಡು ಪುಟಕ್ಕೆ ನಗು ಬರುತ್ತದೆ ಅಂತ ಅರ್ಥ.

ಈಗ ನನ್ನದೊಂದು ತಕರಾರು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ. ಅಲ್ಲಿ ಶನಿವಾರ ಬೆಳಿಗ್ಗೆ ಸಾಲಿನಲ್ಲಿ ನಿಂತವರನ್ನು ಹಿಡಿದು, "ಏನ್ರೀ, ಹೋದ ವಾರವೂ ಮಸಾಲೆ ದೋಸೆ ತಿಂದಿರಲ್ಲ, ಅದು ಹೇಗೆ ಮುಗಿಯುತ್ತೆ ಅಂತ ಗೊತ್ತಲ್ಲ, ಮತ್ತೆ ಯಾಕೆ ಬಂದಿರಿ?" ಅಂತ ಯಾರಾದರೂ ಕೇಳುತ್ತಾರಾ? ದೋಸೆಯಲ್ಲಿ ಇನ್ನೇನು ಅನಿರೀಕ್ಷಿತ ತಿರುವು ಇರುತ್ತದೆ? ಮಡಿಚಿದ್ದು ಬಿಚ್ಚಿದರೆ ಪಲ್ಯ. 1972ರಲ್ಲಿ 'ಬಂಗಾರದ ಮನುಷ್ಯ' ಬಂದು ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಟಾಕೀಸಿನಲ್ಲಿ ವರ್ಷ ದಾಟಿ ಓಡಿತಲ್ಲ, ಹೊಸಹೊಸ ಜನವೇ ದಿನಾ ಹುಟ್ಟಿ ಬಂದು ನೋಡಿದರೇ? ನೋಡಿದವರೇ ಮತ್ತೆ ನೋಡಿದರು. ಹದಿನೇಳು ಸಲ ನೋಡಿದೆ, ಇಪ್ಪತ್ತು ಸಲ ನೋಡಿದೆ ಅಂತ ಇವತ್ತಿಗೂ ಎದೆ ಉಬ್ಬಿಸಿ ಹೇಳುವ ಹಿರಿಯರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ. ಮಂಕುತಿಮ್ಮನ ಕಗ್ಗದಲ್ಲಿ 945 ಪದ್ಯಗಳಿವೆ. ಅದರಲ್ಲಿ ಹತ್ತನ್ನೇ ತಿರುಗಿಸಿ ಮುರುಗಿಸಿ, ಸೂರ್ಯೋದಯದ ಚಿತ್ರದ ಮೇಲೆ ಬರೆದು, ವಾಕಿಂಗ್ ಗುಂಪಿನವರು ದಿನಾ ಬೆಳಿಗ್ಗೆ ಮೊಬೈಲಿಗೆ ಕಳಿಸುತ್ತಾರೆ. ಅದು ಸಂಸ್ಕೃತಿ. ನಾನು 'ಬೆಟ್ಟದ ಜೀವ'ವನ್ನು ಐದನೇ ಸಲ ಕೈಗೆ ತಗೊಂಡರೆ ಮಾತ್ರ "ಬೇರೆ ಕೆಲಸ ಇಲ್ವಾ?"

ನಿಜ ಹೇಳಬೇಕೆಂದರೆ, ಕತೆ ಗೊತ್ತಿಲ್ಲದೆ ಕತೆ ಕೇಳುವುದೇ ನಮ್ಮಲ್ಲಿ ಇತ್ತೀಚಿನ ಚಾಳಿ. ತಾಳಮದ್ದಳೆಗೆ ಹೋಗುತ್ತಿದ್ದವರಿಗೆ ವಾಲಿ ಸಾಯುತ್ತಾನೆ ಅನ್ನುವುದು ಹುಟ್ಟಿದಾಗಿನಿಂದ ಗೊತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಇದ್ದರೆ ಮೈಲುಗಟ್ಟಲೆ ನಡೆದು ಬರುತ್ತಿದ್ದರು. ಸಾಯುತ್ತಾನೋ ಇಲ್ಲವೋ ನೋಡಲಿಕ್ಕಲ್ಲ. ಎದೆಯಲ್ಲಿ ಬಾಣ ನೆಟ್ಟುಕೊಂಡು ಬಿದ್ದಿರುವ ಆ ಕಪಿ ರಾಮನನ್ನು ಇವತ್ತು ಹೇಗೆ ತರಾಟೆಗೆ ತಗೊಳ್ಳುತ್ತದೆ ಅಂತ ಕೇಳಲಿಕ್ಕೆ.

ನಮ್ಮ ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಅವಳಷ್ಟು ದೊಡ್ಡ ಮರು-ಓದುಗಾರ್ತಿಯನ್ನು ನಾನು ಕಂಡಿಲ್ಲ. ನಮ್ಮೂರು ತೀರ್ಥಹಳ್ಳಿ ಕಡೆ. ಮಳೆಗಾಲ ಹಿಡಿದರೆ ಹೊರಗೆ ಕಾಲಿಡುವ ಹಾಗಿಲ್ಲ. ಆಗ ಅಜ್ಜ ಸಂಜೆ ದೀಪ ಹಚ್ಚಿದ ಮೇಲೆ ಲಕ್ಷ್ಮೀಶನ ಜೈಮಿನಿ ಭಾರತ ತೆಗೆಯುತ್ತಿದ್ದರು. ಮನೆಯವರೆಲ್ಲ ಅಡಿಕೆ ಸುಲಿಯುತ್ತಲೋ ಹಲಸಿನ ಬೀಜ ಸುಡುತ್ತಲೋ ಸುತ್ತ ಕೂರುತ್ತಿದ್ದೆವು. ಅಜ್ಜಿಗೆ ಬೇಕಾದದ್ದು ಚಂದ್ರಹಾಸನ ಕತೆ. ಗೊತ್ತಿರಬೇಕಲ್ಲ: ದುಷ್ಟಬುದ್ಧಿ ಹುಡುಗನ ಕೈಯಲ್ಲೇ ಕಾಗದ ಕೊಟ್ಟು ಕಳಿಸುತ್ತಾನೆ, ಇವನಿಗೆ ವಿಷ ಕೊಡು ಅಂತ ಮಗನಿಗೆ ಬರೆದು. ಹುಡುಗ ಪಾಪ ದಾರಿಯಲ್ಲಿ ತೋಟದಲ್ಲಿ ಮಲಗಿ ನಿದ್ದೆ ಹೋಗುತ್ತಾನೆ. ದುಷ್ಟಬುದ್ಧಿಯ ಮಗಳು ವಿಷಯೆ ಅಲ್ಲಿಗೆ ಬಂದು, ಅವನ ಚೆಲುವಿಗೆ ಮರುಳಾಗಿ, ಕಾಗದ ಬಿಚ್ಚಿ ನೋಡಿ, 'ವಿಷ' ಅಂತ ಇದ್ದಲ್ಲಿ ತನ್ನ ಹೆಸರನ್ನೇ ಕೂರಿಸಿಬಿಡುತ್ತಾಳೆ. ಕರಡು ತಿದ್ದಿ ಗಂಡನನ್ನು ಗಿಟ್ಟಿಸಿಕೊಂಡ ಪ್ರೂಫ್ ರೀಡರ್ ಜಗತ್ತಿನಲ್ಲಿ ಅವಳೊಬ್ಬಳೇ ಇರಬೇಕು.

ಅಜ್ಜಿ ಈ ಕತೆಯನ್ನು ಕಮ್ಮಿ ಅಂದರೂ ಐವತ್ತು ಮಳೆಗಾಲ ಕೇಳಿದ್ದಳು. ಆದರೂ ಚಂದ್ರಹಾಸ ತೋಟದಲ್ಲಿ ಕಣ್ಣು ಮುಚ್ಚಿದ ಕೂಡಲೇ ಅವಳ ಮೆಟ್ಟುಗತ್ತಿ ನಿಂತುಬಿಡುತ್ತಿತ್ತು. "ಬಂದಳಾ? ಹುಡುಗಿ ಬಂದಳಾ?" ಅಜ್ಜ ಬೇಕಂತಲೇ ಅಲ್ಲಿ ನಿಲ್ಲಿಸಿ ಎಲೆ ಅಡಿಕೆ ತಟ್ಟೆಗೆ ಕೈ ಹಾಕುತ್ತಿದ್ದರು. ನಿಧಾನಕ್ಕೆ ಎಲೆಯ ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಸವರಿ... "ಥೂ, ಹುಡುಗ ಸಾಯ್ತಾನೆ ಅಲ್ಲಿ, ನಿಮಗೆ ಕವಳ!" ಅಂತ ಅಜ್ಜಿ ಗದರಿದ ಮೇಲೆಯೇ ವಿಷಯೆ ತೋಟಕ್ಕೆ ಬರುತ್ತಿದ್ದದ್ದು. ನಾನು ಒಮ್ಮೆ ಕೇಳಿದೆ, "ಅಜ್ಜೀ, ಬಂದೇ ಬರ್ತಾಳೆ ಅಂತ ನಿಂಗೆ ಗೊತ್ತಲ್ಲ?" ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೋದ ವರ್ಷ ಬಂದಿದ್ದಳು. ಈ ವರ್ಷದ್ದು ಯಾರಿಗೆ ಗೊತ್ತು?" ಅಂದಳು.

ನಮ್ಮವರ ಟವೆಲ್ ಪ್ರಶ್ನೆಗೆ ನಾನು ಉತ್ತರ ಕೊಡದೆ ಇರುವುದು ಇದಕ್ಕೇ. ಅಜ್ಜಿ ಆಗಲೇ ಕೊಟ್ಟು ಹೋಗಿದ್ದಾಳೆ.

ಈ ರೋಗ ನನಗೆ ಪೂರ್ತಿ ಹಿಡಿದದ್ದು ಮದುವೆಗೆ ಮುಂಚೆ, ಪೇಟೆಯ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ. ದಿನಕ್ಕೆ 10 ಪೈಸೆ ಬಾಡಿಗೆ. ಎಷ್ಟು ಕೈ ದಾಟಿದರೂ ಪುಸ್ತಕ ತಾಳಲಿ ಅಂತ ಅವರು ಎಲ್ಲವನ್ನೂ ಬಿಚ್ಚಿ, ದಪ್ಪ ರಟ್ಟು ಹಾಕಿ, ದಾರ ಎಳೆದು ಮತ್ತೆ ಬೈಂಡ್ ಮಾಡಿಸುತ್ತಿದ್ದರು. ಒಂದು ನವ್ಯ ಕಾದಂಬರಿಗೆ ಹಾಗೆ ಬೈಂಡ್ ಮಾಡುವಾಗ ಒಂದು ಫಾರಂ, ಅಂದರೆ 16 ಪುಟ, ಹಿಂದುಮುಂದಾಗಿ ಕೂತಿತ್ತು. ಹಾಗಾಗಿ ನಾಯಕ ಮೂರನೇ ಅಧ್ಯಾಯದಲ್ಲಿ ಹೆಂಡತಿಯನ್ನು ಬಿಟ್ಟುಹೋಗಿ, ಐದನೇ ಅಧ್ಯಾಯದಲ್ಲಿ ಅವಳನ್ನು ಮೊದಲ ಸಲ ನೋಡುತ್ತಿದ್ದ. ಒಂದು ವಾಕ್ಯ "ಅವನು ಬಾಗಿಲು ತೆರೆದು" ಅಂತ ಶುರುವಾಗಿ ಪುಟ ತಿರುಗಿಸಿದರೆ "ಹೆರಿಗೆ ಸುಸೂತ್ರವಾಯಿತು" ಅಂತ ಮುಗಿಯುತ್ತಿತ್ತು. ನಾನು ಅಪಾರವಾಗಿ ಮೆಚ್ಚಿದೆ. ನವ್ಯ ಅಂದರೆ ಇದೇ ಅಲ್ಲವೇ, ಕಾಲ ಛಿದ್ರ, ಮನಸ್ಸು ಛಿದ್ರ ಅಂತೆಲ್ಲ ಕಾಲೇಜಿನಲ್ಲಿ ಹೇಳುತ್ತಿದ್ದರಲ್ಲ! ನಾಲ್ಕು ಸಲ ಓದಿದೆ. ಪ್ರತಿ ಸಲ ಹೊಸ ಅರ್ಥ ಹೊಳೆಯಿತು. ಪರೀಕ್ಷೆಯಲ್ಲಿ 'ತಂತ್ರದ ಹೊಸತನ' ಅಂತ ಎರಡು ಪುಟ ಬರೆದು ಒಳ್ಳೆಯ ಅಂಕವನ್ನೂ ಪಡೆದೆ. ಮದುವೆಯಾದ ಮೇಲೆ ನಮ್ಮವರ ಕಪಾಟಿನಲ್ಲಿ ಅದೇ ಕಾದಂಬರಿಯ ಹೊಸ ಪ್ರತಿ ಸಿಕ್ಕಿತು. ಎಲ್ಲ ಪುಟ ಸರಿಯಾಗಿದ್ದವು. ಅವನು ಬಾಗಿಲು ತೆರೆದು ಒಳಗೆ ಬಂದು ಚಪ್ಪಲಿ ಬಿಟ್ಟ. ಅಷ್ಟೇ! ಎಂಥ ಸಪ್ಪೆ ಅಂತೀರಿ. ಆ ಬೈಂಡರು ಯಾರೋ, ಎಲ್ಲಿದ್ದಾನೋ, ಕನ್ನಡದ ಒಬ್ಬ ಒಳ್ಳೆಯ ಪ್ರಯೋಗಶೀಲ ಲೇಖಕ ಹೆಸರಿಲ್ಲದೆ ಹೋದ. ಕಾದಂಬರಿಯ ಹೆಸರು ಹೇಳುವುದಿಲ್ಲ. ಆ ಲೇಖಕರ ಅಭಿಮಾನಿಗಳು ಬಹಳ, ನನ್ನ ಮನೆಯ ಗೇಟು ಬಡಕಲು.

ಮೊನ್ನೆ ಒಂದು ಸಭೆಗೆ ಹೋಗಿದ್ದೆ. ಭಾಷಣಕಾರರೊಬ್ಬರು ಕಣ್ಣು ಅರೆ ಮುಚ್ಚಿ, "ಪುಸ್ತಕ ಬದಲಾಗುವುದಿಲ್ಲ, ಮರಳಿ ಓದುವ ನೀವು ಬದಲಾಗಿರುತ್ತೀರಿ" ಅಂದರು. ಜೋರು ಚಪ್ಪಾಳೆ. ಈ ಮಾತನ್ನು ನಾನು ಇದುವರೆಗೆ ಹನ್ನೊಂದು ಸಭೆಗಳಲ್ಲಿ ಕೇಳಿದ್ದೇನೆ. ಮರಳಿ ಮರಳಿ ಕೇಳಿದರೂ ನಾನೇನೂ ಬದಲಾಗಿಲ್ಲ. ಬದಲಾಗಲಿ ಅಂತ ಯಾರು ಸ್ವಾಮಿ ಓದುತ್ತಾರೆ? ಮೊಣಕಾಲು ಬದಲಾಗಿದೆ, ಕನ್ನಡಕದ ನಂಬರು ಬದಲಾಗಿದೆ, ಹಾಲಿನ ದರ ಬದಲಾಗಿದೆ. ಬದಲಾಗದ ಒಂದು ಜಾಗ ಇರಲಿ ಅಂತ ತಾನೇ ಆ ಅರೆಗೆ ಕೈ ಹಾಕುವುದು! ಗೊರೂರರ ಹಳ್ಳಿ ಮೊದಲು ಅಚ್ಚಾದದ್ದು 1930ರಲ್ಲಿ. ಇವತ್ತಿಗೂ ಅಲ್ಲಿಗೆ ಹೋದರೆ ಅದೇ ಜನ, ಅದೇ ಜಗಳ, ಹೇಮಾವತಿಯಲ್ಲಿ ಅದೇ ನೀರು. ನಿಜವಾದ ಗೊರೂರಿಗೆ ಹೋದರೆ ಅಣೆಕಟ್ಟು ನೋಡಿ ಬರಬೇಕಾಗುತ್ತದೆ.

ಹಾಗಂತ ಓದುವವಳು ಬದಲಾಗುವುದೇ ಇಲ್ಲ ಅಂತ ವಾದ ಮಾಡಿದರೆ ನಮ್ಮವರೇ ಸಾಕ್ಷಿ ಹೇಳಿಯಾರು. 'ಗೃಹಭಂಗ'ವನ್ನು ಮದುವೆಗೆ ಮುಂಚೆ ಓದಿದಾಗ ನನಗೆ ಕಂಡದ್ದು ನಂಜಮ್ಮನ ಕಷ್ಟ. ಮದುವೆಯಾದ ಮೇಲೆ ಕಂಡದ್ದು ಚೆನ್ನಿಗರಾಯನ ತಟ್ಟೆ. ಶಾನುಭೋಗಿಕೆ ಇವನ ಹೆಸರಿನಲ್ಲಿ, ಕೂತು ಲೆಕ್ಕ ಬರೆಯುವವಳು ಹೆಂಡತಿ, ತಿನ್ನುವ ಕೆಲಸ ಮಾತ್ರ ಇವನದು! ಆ ಪುಸ್ತಕ ನನ್ನ ಕೈಯಲ್ಲಿರುವ ವಾರ ನಮ್ಮವರು "ಇನ್ನೊಂದು ದೋಸೆ ಹಾಕ್ತೀಯಾ?" ಅಂತ ಕೇಳಿದರೆ ನಾನು ನೋಡುವ ನೋಟಕ್ಕೆ ಅವರಿಗೆ ಇಂದಿಗೂ ಕಾರಣ ಗೊತ್ತಾಗಿಲ್ಲ. ಪಾಪ, ಕೇಳಿದ್ದು ಮೂರನೆಯದನ್ನು. ಅವರು ಮಾಡದ ತಪ್ಪಿಗೆಲ್ಲ ಭೈರಪ್ಪನವರೇ ಹೊಣೆ.

ಕೆಲವು ಪುಸ್ತಕಗಳಂತೂ ಎರಡನೇ ಸಲ ಓದಲಿ ಅಂತಲೇ ಬಲೆ ಹಾಕಿ ಕೂತಿರುತ್ತವೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಹಾಗೆ. ತೆಳ್ಳನೆಯ ಪುಸ್ತಕ, ಕುಕ್ಕರ್ ಕೂಗುವುದರೊಳಗೆ ಅರ್ಧ ಓದಬಹುದು. ಮೊದಲ ಸಲ ಓದಿದಾಗ ಕಾಫಿ ಹೌಸು, ಅಲ್ಲಿನ ವೇಟರ್ ವಿನ್ಸೆಂಟ್, ಮನೆ ತುಂಬ ಇರುವೆ, ಸಂಸಾರದ ಮಾತು ಅಂತ ಹಾಯಾಗಿ ಸಾಗುತ್ತದೆ. ಮುಗಿಸಿ, ಸುಮ್ಮನೆ ಮತ್ತೆ ಮೊದಲ ಪುಟಕ್ಕೆ ಬಂದರೆ ಬೆನ್ನಲ್ಲಿ ಚಳಿ. ಅಯ್ಯೋ, ಇದೆಲ್ಲ ಇಲ್ಲೇ ಇತ್ತಲ್ಲ, ನಾನು ಇರುವೆ ಕೊಂದದ್ದಕ್ಕೆ ನಗುತ್ತಾ ಕೂತಿದ್ದೆನಲ್ಲ! ಯಾಕೆ ಅಂತ ಹೇಳುವುದಿಲ್ಲ. ಒಂದೇ ಸಲ ಓದಿ ಅದನ್ನು ಕಪಾಟಿಗೆ ಹಾಕಿದವರು ಅರ್ಧ ಪುಸ್ತಕಕ್ಕೆ ಪೂರ್ತಿ ದುಡ್ಡು ಕೊಟ್ಟ ಹಾಗೆ.

ನಗುವಿನ ಪುಸ್ತಕಗಳ ಕಷ್ಟವೇ ಬೇರೆ. 'ಕರ್ವಾಲೊ' ಓದುವಾಗ ನನಗೆ ನಗು ಎರಡು ಪುಟ ಮುಂಚೆಯೇ ಬಂದುಬಿಡುತ್ತದೆ. ಮಂದಣ್ಣ ಇನ್ನೂ ಬಾಯಿ ತೆರೆದಿರುವುದಿಲ್ಲ, ಬಿರಿಯಾನಿ ಕರಿಯಪ್ಪ ಇನ್ನೂ ಮರ ಹತ್ತಿರುವುದಿಲ್ಲ, ನಾನಾಗಲೇ ಸೆರಗು ಬಾಯಿಗೆ ಒತ್ತಿಕೊಂಡಿರುತ್ತೇನೆ. ಒಮ್ಮೆ ಶಿವಮೊಗ್ಗ ಬಸ್ಸಿನಲ್ಲಿ ಹೀಗಾಗಿ, ಪಕ್ಕದ ಸೀಟಿನ ಹೆಂಗಸು, "ಅಕ್ಕಾ, ಏನು ಬರೆದಿದ್ದಾರೆ ಅಷ್ಟು ನಗೋ ಹಂಗೆ?" ಅಂತ ಬಗ್ಗಿ ನೋಡಿದರು. ಆ ಪುಟದಲ್ಲಿ ಇದ್ದದ್ದು ಗದ್ದೆಯ ವಿಚಾರ. ಆಕೆ ಸ್ವಲ್ಪ ಸರಿದು ಕಿಟಕಿಗೆ ಅಂಟಿಕೊಂಡು ಕೂತರು.

ಇನ್ನು ಒಂದು ಗುಟ್ಟು ಹೇಳುತ್ತೇನೆ, ಭಾಷಣಕಾರರಿಗೆ ಹೇಳಬೇಡಿ. ಮರು-ಓದು ಅಂದರೆ ಪೂರ್ತಿ ಓದು ಅಲ್ಲ. 'ಕಾನೂರು ಹೆಗ್ಗಡಿತಿ'ಯಲ್ಲಿ ಹೂವಯ್ಯನವರು ಗಂಭೀರವಾಗಿ ಚಿಂತನೆಗೆ ಕೂತರು ಅಂದರೆ ನಾನು ಸದ್ದಾಗದ ಹಾಗೆ ಹಿತ್ತಲ ಬಾಗಿಲಿನಿಂದ ಸುಬ್ಬಮ್ಮನ ಅಡುಗೆಮನೆಗೆ ಹೋಗಿಬಿಡುತ್ತೇನೆ. ಅವರ ಚಿಂತನೆ ಮುಗಿಯುವಷ್ಟು ಹೊತ್ತಿಗೆ ಸರಿಯಾಗಿ ವಾಪಸು. 'ಪರ್ವ'ದಲ್ಲೂ ನನಗೆ ಬೇಕಾದವರ ಪುಟಗಳು ಅಂಚು ಕಪ್ಪಾಗಿವೆ, ಬೇಡದವರವು ನಿನ್ನೆ ಅಚ್ಚಾದ ಹಾಗೆ ಬೆಳ್ಳಗಿವೆ. ಪುಸ್ತಕವನ್ನು ನಿಲ್ಲಿಸಿ ಪಕ್ಕದಿಂದ ನೋಡಿದರೆ ಹುಲಿಪಟ್ಟೆ. ಯಾರಾದರೂ "ಪರ್ವ ನಾಲ್ಕು ಸಲ ಓದಿದ್ದೀನಿ" ಅಂದರೆ ಪುಸ್ತಕ ತರಿಸಿ ಪಕ್ಕದಿಂದ ನೋಡಿ. ಕಪ್ಪು ಬಿಳುಪಿನಲ್ಲಿ ಸತ್ಯ ಇರುತ್ತದೆ.

ಎಲ್ಲ ಪುಸ್ತಕವೂ ಮರು-ಓದಿಗೆ ನಿಲ್ಲುವುದಿಲ್ಲ, ಅದೂ ನಿಜ. ಹದಿನೇಳನೇ ವಯಸ್ಸಿನಲ್ಲಿ ಒಂದು ಕಾದಂಬರಿಯ ನಾಯಕನಿಗಾಗಿ ನಾನು ಮೂರು ದಿನ ಊಟ ಬಿಟ್ಟಿದ್ದೆ. ಐವತ್ತರಲ್ಲಿ ಮತ್ತೆ ಸಿಕ್ಕಿತು. ಬಾಗಿಲು ಹಾಕಿಕೊಂಡು, ಹಳೆಯ ಗೆಳೆಯನನ್ನು ಕದ್ದು ನೋಡುವ ಹಾಗೆ ತೆರೆದೆ. ಅಯ್ಯೋ ದೇವರೇ! ಅವನು 'ತುಟಿಯಂಚಿನಲ್ಲಿ ನಕ್ಕ', 'ತುಟಿ ಕೊಂಕಿಸಿ ನಕ್ಕ', 'ತುಟಿ ಬಿರಿಯದೆ ನಕ್ಕ'. ಅರವತ್ತು ಪುಟದೊಳಗೆ 31 ಸಲ ಎಣಿಸಿದೆ. ಇಷ್ಟು ನಗುವವನನ್ನು ಡಾಕ್ಟರರ ಹತ್ತಿರ ತೋರಿಸಬೇಕಿತ್ತೇ ಹೊರತು ನಾನು ಊಟ ಬಿಡಬೇಕಿರಲಿಲ್ಲ. ಆ ಪುಸ್ತಕವನ್ನು ಹಾಗೇ ಮುಚ್ಚಿ ನಮ್ಮವರ ಕಪಾಟಿಗೆ ಸೇರಿಸಿದೆ. ಅಲ್ಲಿದ್ದರೆ ಇನ್ನು ಯಾರೂ ಓದುವ ಭಯವಿಲ್ಲ.

ಪತ್ತೇದಾರಿಗಳಿಗೆ ಮಾತ್ರ ವಯಸ್ಸಾದದ್ದೇ ವರ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಚಿಕ್ಕಂದಿನಲ್ಲಿ ಓದಿದ ಮೇಲೆ ಮತ್ತೆ ಓದಲು ಆಗುತ್ತಿರಲಿಲ್ಲ. ಕಳ್ಳ ಯಾರು ಅಂತ ನೆನಪಿರುತ್ತಿತ್ತು. ಈಗ ಕನ್ನಡಕ ಎಲ್ಲಿಟ್ಟೆ ಅನ್ನುವುದೇ ನೆನಪಿರುವುದಿಲ್ಲ, ಇನ್ನು ಕಳ್ಳನನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಒಂದೇ ಪುಸ್ತಕವನ್ನು ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಓದಿ ಎರಡು ಸಲವೂ ಬೆಚ್ಚಿಬೀಳುತ್ತೇನೆ.

ಸರಿ, ಇಷ್ಟೆಲ್ಲ ಹೇಳಿ 'ಮಲೆಗಳಲ್ಲಿ ಮದುಮಗಳು' ಬಗ್ಗೆ ಹೇಳದಿದ್ದರೆ ಊಟಕ್ಕೆ ಕರೆದು ಅನ್ನ ಬಡಿಸದೆ ಕಳಿಸಿದ ಹಾಗೆ. ಕುವೆಂಪು ಅದನ್ನು ಅಚ್ಚಿಗೆ ಕೊಟ್ಟದ್ದು 1967ರಲ್ಲಿ. ನನ್ನ ಹತ್ತಿರ ಇರುವುದು ಅಪ್ಪನ ಪ್ರತಿ, ದಿಂಬಿನಷ್ಟು ದಪ್ಪ. ಮಧ್ಯಾಹ್ನ ಅದರ ಮೇಲೆ ತಲೆಯಿಟ್ಟು ಮಲಗಿದ್ದೂ ಉಂಟು. ಅದನ್ನು ಆರು ಸಲ ಓದಿದ್ದೇನೆ. ಅಲ್ಲ, ಸರಿಯಾಗಿ ಹೇಳಬೇಕು. ಮೊದಲ ಸಲ ಪೂರ್ತಿ ಓದಿದೆ. ಉಳಿದ ಐದು ಸಲ ಕೊನೆಯ ಹತ್ತಿರ ಬಂದು ನಿಲ್ಲಿಸಿದ್ದೇನೆ.

ಕಾರಣ ಹುಲಿಯ. ಗುತ್ತಿಯ ನಾಯಿ. ಅವನ ಹಿಂದೆ ಅದು ಎಷ್ಟು ಅಂಟಿಕೊಂಡು ತಿರುಗುತ್ತಿತ್ತೆಂದರೆ ಅವನಿಗೆ ನಾಯಿಗುತ್ತಿ ಅಂತಲೇ ಹೆಸರು. ಕಾಡು, ಕತ್ತಲು, ಜಿಗಣೆ, ಹುಲಿಭಯ ಎಲ್ಲದರಲ್ಲೂ ಜೊತೆಗಿದ್ದ ಆ ನಾಯಿಯನ್ನು ಕೊನೆಗೆ ಕುವೆಂಪು ತುಂಬಿದ ತುಂಗೆಯ ದಡಕ್ಕೆ ತಂದು ನಿಲ್ಲಿಸುತ್ತಾರೆ. ತೀರ್ಥಹಳ್ಳಿಯಲ್ಲಿ ಈಗ ಸೇತುವೆ ಇದೆ, ಕತೆ ನಡೆಯುವ ಕಾಲದಲ್ಲಿ ಇರಲಿಲ್ಲ. ಆಷಾಢದ ತುಂಗೆಯನ್ನು ಕಂಡು ಬೆಳೆದವಳು ನಾನು. ಆ ಕೆಂಪು ನೀರು, ಬುಡಮೇಲಾಗಿ ತೇಲಿಬರುವ ಮರ, ಆ ಸದ್ದು ನನಗೆ ಗೊತ್ತು. ಹಾಗಾಗಿ ಆ ದಡಕ್ಕೆ ಬಂದ ಕೂಡಲೇ ಹಳೆಯ ಮದುವೆ ಕರೆಯೋಲೆಯೊಂದನ್ನು ಗುರುತಿಗೆ ಇಟ್ಟು ಪುಸ್ತಕ ಮುಚ್ಚುತ್ತೇನೆ. ನನ್ನ ಪುಸ್ತಕದಲ್ಲಿ ಹುಲಿಯ ಮೂವತ್ತು ವರ್ಷದಿಂದ ದಡದಲ್ಲೇ ಬಾಲ ಅಲ್ಲಾಡಿಸುತ್ತಾ ನಿಂತಿದೆ.

ರಂಗಾಯಣದವರು 2010ರಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಈ ಕಾದಂಬರಿಯನ್ನು ರಾತ್ರಿಯಿಡೀ, ಒಂಬತ್ತು ಗಂಟೆಯ ನಾಟಕ ಮಾಡಿದರು. ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿ ಬಂದಾಗ ನಾವಿಬ್ಬರೂ ಹೋದೆವು. ಒಂದೊಂದು ಭಾಗ ಒಂದೊಂದು ರಂಗದ ಮೇಲೆ, ಪ್ರೇಕ್ಷಕರೇ ಎದ್ದು ಎದ್ದು ಜಾಗ ಬದಲಿಸಬೇಕು. ನಮ್ಮವರು ಪ್ರತಿ ಜಾಗದಲ್ಲೂ ಹೊಸದಾಗಿ ನಿದ್ದೆ ಶುರು ಮಾಡಿದರು. ಬೆಳಗಿನ ಜಾವ ತುಂಗೆ ಬರುತ್ತಾಳೆ ಅನ್ನಿಸಿದಾಗ ನಾನು ಚಹಾ ನೆಪ ಮಾಡಿ ಎದ್ದು ಹೊರಗೆ ಹೋದೆ. ಇವರು ಶಾಲು ಹೊದ್ದು ಗೊರಕೆ ಹೊಡೆಯುತ್ತಿದ್ದರು. ಹಾಗಾಗಿ ನಾಟಕ ಹೇಗೆ ಮುಗಿಯಿತು ಅಂತ ಇಬ್ಬರಿಗೂ ಗೊತ್ತಿಲ್ಲ. ಕೇಳಿದವರಿಗೆಲ್ಲ ಇಬ್ಬರೂ "ಅದ್ಭುತ" ಅಂತಲೇ ಹೇಳಿದೆವು.

ಕಳೆದ ತಿಂಗಳು ನಮ್ಮವರ ಕಾಲು ಉಳುಕಿತು. ಕಪಾಟಿನ ಮೇಲಿನ ಸಾಲಿನಿಂದ ಹೊಸ ಪುಸ್ತಕ ಇಳಿಸಲು ಸ್ಟೂಲು ಹತ್ತಿ ಜಾರಿದರು, ಇನ್ಯಾತಕ್ಕೆ! ಮೂರು ವಾರ ಮಂಚ. ಕೈಗೆ ಎಟುಕುವ ಹಾಗಿದ್ದದ್ದು ನಾನು ಮಂಚದ ಪಕ್ಕ ಬಿಟ್ಟಿದ್ದ ಆ ದಿಂಬಿನಂಥ ಪುಸ್ತಕ ಒಂದೇ. ಮೊದಲ ದಿನ ಮುನ್ನುಡಿ ಹುಡುಕಿದರು. ಎರಡನೇ ದಿನ "ಈ ಗುತ್ತಿ ಒಳ್ಳೆ ಗಟ್ಟಿ ಆಸಾಮಿ ಕಣೇ" ಅಂದರು. ಮೂರನೇ ದಿನದಿಂದ ಊಟಕ್ಕೆ ಎರಡು ಸಲ ಕರೆಯಬೇಕಾಯಿತು. ಐತ, ಪೀಂಚಲು, ತಿಮ್ಮಿ ಅಂತ ನಿದ್ದೆಯಲ್ಲೂ ಬಡಬಡಿಸಿದರು. ಉಳುಕು ವಾಸಿಯಾದರೂ ಕಾಲು ನೆಲಕ್ಕೆ ಊರಲಿಲ್ಲ. ನಾನು ಏನೂ ಕೇಳಲಿಲ್ಲ. ಬಾಗಿಲ ಹತ್ತಿರ ಬಂದಾಗೊಮ್ಮೆ ಕರೆಯೋಲೆ ಇಟ್ಟ ಜಾಗಕ್ಕೂ ಇವರ ಹೆಬ್ಬೆರಳಿಗೂ ನಡುವೆ ಎಷ್ಟು ಪುಟ ಉಳಿದಿದೆ ಅಂತ ಓರೆಗಣ್ಣಲ್ಲಿ ಅಳೆಯುತ್ತಿದ್ದೆ.

ನಿನ್ನೆ ರಾತ್ರಿ ಹನ್ನೊಂದು ದಾಟಿತ್ತು. ನಾನು ಆಚೆ ತಿರುಗಿ ಮಲಗಿದ್ದೆ. ಪುಟ ತಿರುಗಿಸುವ ಸದ್ದು ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೆಲ್ಲಗೆ:

"ಏನೇ, ಎದ್ದಿದ್ದೀಯಾ?"

"ಹೂಂ."

"ಇಲ್ಲೊಂದು ಕರೆಯೋಲೆ ಇಟ್ಟಿದ್ದೀಯಲ್ಲ... ಮುಂದೆ ನಾಯಿಗೇನೂ ಆಗಲ್ಲ ತಾನೇ?"

ಕಪಾಟು ತುಂಬ ಹೊಸ ಪುಸ್ತಕ ಇಟ್ಟುಕೊಂಡವರು, ನನಗೆ ಬಿರುದು ಕೊಟ್ಟವರು, ಟವೆಲ್ ಕೊಡವುತ್ತಾ ನಂಜಮ್ಮನನ್ನು ವಿಚಾರಿಸಿದವರು. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಈ ಜನ್ಮದಲ್ಲಿ ಸಿಕ್ಕಲಾರದು.

"ತುಂಬ ಹೊತ್ತಾಯ್ತು ರೀ" ಅಂದೆ. "ಕರೆಯೋಲೆ ಅಲ್ಲೇ ಇಡಿ, ಲೈಟ್ ಆರಿಸಿ."